ಹೆಗ್ಗನಹಳ್ಳಿಯ ಮುಯ್ಯಿ

ಜುಲೈ ೯, ೧೯೫೬. ಸೋಮವಾರ

ಇಂದಿನಿಂದ ನಾನು ಯುವಜನ ಸೇವಾ ಮಂಡಲಿಯಲ್ಲಿ ಉಮೇದುವಾರ ಕಾರ್ಯಕರ್ತ. ಉಮೇದುವಾರ ಎಂದರೆ ಸಂಬಳವಿಲ್ಲ ಎಂದು ಅರ್ಥ. ಒಬ್ಬೊಬ್ಬರಿಗೆ ಒಂದೊಂದು ಹಳ್ಳಿ ಕೊಡುತ್ತಾರೆ. ಅಲ್ಲಿಯ ಯುವಕರನ್ನು ಸೇರಿಸಿ ಸಂಜೆಯ ಕೂಟ ಕಟ್ಟಬೇಕು: ವಾಲಿಬಾಲ್, ಕವಾಯತು, ಪತ್ರಿಕೆ ಓದಿ ಹೇಳುವುದು, ಶುಚಿತ್ವದ ಮೇಲೆ ನಾಲ್ಕು ಮಾತು. ದೀಪಾವಳಿ ಕಳೆದ ಮೇಲೆ ಯಾರ ಕೂಟ ನಡೆಯುತ್ತಿರುತ್ತದೋ ಅವರನ್ನು ಸಂಬಳ ಕೊಟ್ಟು ಖಾಯಂ ಮಾಡಿಕೊಳ್ಳುತ್ತಾರೆ. ಉಳಿದವರಿಗೆ ಪ್ರಶಂಸಾಪತ್ರ.

ಪ್ರತಿಯೊಬ್ಬರೂ ದಿನಚರಿ ಬರೆಯಬೇಕೆಂದು ಮಂಡಲಿಯ ಆಜ್ಞೆ. ಅದನ್ನು ತಿಂಗಳಿಗೊಮ್ಮೆ ಅಧ್ಯಕ್ಷರು ಓದುತ್ತಾರೆ. ಹಾಗಾಗಿ ಎರಡು ಬರೆಯಬೇಕಾಗಿದೆ. ಇದು ಅವರು ಓದದೇ ಇರುವುದು.

ಅಧ್ಯಕ್ಷರು ಸೋಮಲಿಂಗಪ್ಪನವರು. ನಿವೃತ್ತ ಅಮಲ್ದಾರರು. ರಾಜಾಜಿನಗರದಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ಇದ್ದಾರೆ. ಇಂದು ನಮ್ಮೆಲ್ಲರನ್ನೂ ನಿಲ್ಲಿಸಿ ಹೇಳಿದರು: "ಸೇವೆ ಮಾಡೋನದು ಕೊಡೋ ಕೈ ಕಣ್ರಯ್ಯಾ, ಈಸ್ಕೊಳ್ಳೋ ಕೈ ಅಲ್ಲ. ಹಳ್ಳಿಯಿಂದ ಒಂದು ಸೌತೇಕಾಯಿ ತಂದ್ರೂ ಅದು ಕೂಲಿ." ಹೋದ ವರ್ಷ ಒಬ್ಬ ಉಮೇದುವಾರನ ಸೈಕಲ್ ಕ್ಯಾರಿಯರಿನಲ್ಲಿ ಕುಂಬಳಕಾಯಿ ಕಾಣಿಸಿತಂತೆ. ಅವನು ಈಗ ಎಲ್ಲಿದ್ದಾನೋ ಯಾರಿಗೂ ತಿಳಿಯದು.

ಖಾಯಂ ಆಗದಿದ್ದರೆ ನಾನು ಎಲ್ಲಿರುತ್ತೇನೆಂದು ತಿಳಿದಿದೆ. ಮಾಗಡಿ ರಸ್ತೆಯಲ್ಲಿ ಸೋದರಮಾವನ ಸೌದೆ ಡಿಪೋ ಇದೆ. ಇಂಟರ್‌ಮೀಡಿಯೆಟ್ ಎರಡು ಸಲ ನಪಾಸಾದವನಿಗೆ ತಕ್ಕಡಿ ಹಿಡಿಯಲು ಬರುತ್ತದೆಂದು ಅಣ್ಣ ಮಾವನಿಗೆ ಹೇಳಿಟ್ಟಿದ್ದಾನೆ.

ಜುಲೈ ೧೫, ಭಾನುವಾರ

ನನಗೆ ಸಿಕ್ಕಿದ್ದು ಹೆಗ್ಗನಹಳ್ಳಿ. ಅಣ್ಣನ ಸೈಕಲ್ಲಿನಲ್ಲಿ ಹೋದೆ. ಸುಂಕದಕಟ್ಟೆಯವರೆಗೆ ರಸ್ತೆ ಇದೆ, ಆಮೇಲೆ ರಸ್ತೆಯ ಕಲ್ಪನೆ ಮಾತ್ರ ಇದೆ.

ಅರಳಿಕಟ್ಟೆಯ ಮೇಲೆ ಕೆಲವು ಗ್ರಾಮೀಣ ಯುವಕರು ಕುಳಿತಿದ್ದರು. ಮಂಡಲಿಯಲ್ಲಿ ಕಲಿಸಿದ ಹಾಗೆ ಮುಗುಳ್ನಕ್ಕು, ಕೂಟದ ಧ್ಯೇಯಗಳನ್ನು ವಿವರಿಸಿದೆ. ಮುನಿರಾಜು ಎಂಬ ಯುವಕ ಕೊನೆಯವರೆಗೂ ಕೇಳಿ, "ಇದ್ಕೆ ನಾವೇನ್ ಕೊಡ್ಬೇಕು ಸಾರ್?" ಎಂದ.

"ಏನೂ ಕೊಡೋ ಹಾಗಿಲ್ಲ."

"ನೀವು?"

"ನಾನು ಬರ್ತೀನಿ."

"ದಿನಾನಾ?"

"ವಾರಕ್ಕೆ ಮೂರು ದಿನ."

ಅವನು ಪಕ್ಕದವನ ಮುಖ ನೋಡಿದ. "ಏನ್ ತಪ್ಪು ಮಾಡಿದ್ರಿ ಸಾರ್, ಇಂಗೆ ನಮ್ಮೂರಿಗೆ ಹಾಕವ್ರೆ?"

ಎಲ್ಲರೂ ನಕ್ಕರು. ಆದರೆ ಚೆಂಡು ತೆಗೆದ ಮೇಲೆ ಎಲ್ಲರೂ ಎದ್ದು ಬಂದರು. ಕತ್ತಲಾಗುವವರೆಗೆ ಆಡಿದರು. ಕೂಟ ಕಟ್ಟುವುದು ಕಷ್ಟವೇನಲ್ಲ ಎನಿಸುತ್ತದೆ.

ಮನೆಗೆ ಬಂದಾಗ ಅತ್ತಿಗೆ ಹಿತ್ತಲ ಬಾಗಿಲಲ್ಲಿ ನಿಂತಿದ್ದರು. ಮನೆ ಕಟ್ಟಿದ ಕಂಟ್ರಾಕ್ಟರು ಹಿತ್ತಲಿನಲ್ಲಿ ದೊಡ್ಡದೊಂದು ಗುಂಡಿಯನ್ನೂ ಬಂಡೆಚೂರುಗಳ ರಾಶಿಯನ್ನೂ ಬಿಟ್ಟು ಹೋಗಿದ್ದಾನೆ. ಮಳೆ ಬಂದರೆ ಗುಂಡಿ ತುಂಬಿ ಸೊಳ್ಳೆ. ಬೇಸಗೆಯಿಂದ ಅದನ್ನು ಮುಚ್ಚೆಂದು ನನಗೆ ಹೇಳುತ್ತಿದ್ದಾರೆ. "ದೇಶ ಉದ್ಧಾರ ಆಯ್ತಾ?" ಎಂದು ಕೇಳಿದರು. ಇನ್ನೂ ಇಲ್ಲ ಎಂದೆ.

ಜುಲೈ ೨೯, ಭಾನುವಾರ

ಇಂದು ಹೆಗ್ಗನಹಳ್ಳಿಯಲ್ಲಿ ಮಂಡಲಿಯ ಶ್ರಮದಾನ. ಉಮೇದುವಾರರು ಏಳೂ ಜನ ಬಂದಿದ್ದೆವು. ಮುನಿರಾಜುವಿನ ಮನೆ ಇರುವ ಕೇರಿಯಲ್ಲಿ ಮಳೆನೀರು ಹೊಸ್ತಿಲವರೆಗೆ ಬರುತ್ತದೆ. ಅಲ್ಲಿ ಚರಂಡಿ ತೋಡಬೇಕೆಂದು ಅಧ್ಯಕ್ಷರು ಬಂದು ನೋಡಿ ಗೊತ್ತು ಮಾಡಿದ್ದರು. ಊರಿನವರಿಗೆ ಮೊದಲೇ ತಿಳಿಸಬಾರದು ಎನ್ನುವುದು ಮಂಡಲಿಯ ಕ್ರಮ. ತಿಳಿಸಿದರೆ ಅವರೂ ಗುದ್ದಲಿ ಹಿಡಿದು ಬರುತ್ತಾರೆ, ಆಗ ಅದು ದಾನವಾಗುವುದಿಲ್ಲ.

ಗ್ರಾಮಸ್ಥರು ಬಾಗಿಲುಗಳಲ್ಲಿ ನಿಂತು ನೋಡಿದರು. ಮುನಿರಾಜು ಎರಡು ಸಲ ಬಂದು ನನ್ನ ಕೈಯ ಗುದ್ದಲಿ ಕೇಳಿದ. ಕೊಡಲಿಲ್ಲ. ಮೂರನೆಯ ಸಲ ಅವನ ತಾಯಿ ಹನುಮಕ್ಕನವರೇ ಬಂದರು. ಎತ್ತರದ ಹೆಂಗಸು. ನಮ್ಮೆಲ್ಲರ ಮುಂದೆ ಒಂದೊಂದು ಕ್ಷಣ ನಿಂತು ಹೆಸರೇನು, ಯಾರ ಮನೆ, ಎಷ್ಟು ಜನ ಗಂಡಾಳು ಎಂದು ವಿಚಾರಿಸಿಕೊಂಡು ಹೋದರು. ಈ ಅಕ್ಕರೆ ಕಂಡು ನನಗೆ ಬಹಳ ಸಂತೋಷವಾಯಿತು. ಅಂಬುಜಾ ಅವರಿಗೂ ಸಂತೋಷವಾಯಿತು. ಅಂಬುಜಾ ನಮ್ಮಲ್ಲಿ ಒಬ್ಬರೇ ಹುಡುಗಿ, ಕುರುಬರಹಳ್ಳಿಯ ಹೆಣ್ಣುಮಕ್ಕಳ ಕೂಟ ಅವರದು.

ಮಧ್ಯಾಹ್ನ ಹನುಮಕ್ಕನವರು ಜಗಲಿಯ ಮೇಲೆ ಏಳು ತಣಿಗೆ ಇಟ್ಟು ಮುದ್ದೆ, ಹುರುಳಿ ಸಾರು ಬಡಿಸಿ ಕರೆದರು. ಊಟ ತಂದಿದ್ದೇವೆ ಎಂದು ವಿನಯದಿಂದ ಹೇಳಿ, ಮರದ ಕೆಳಗೆ ಕುಳಿತು ಒಣ ಅವಲಕ್ಕಿ ತಿಂದೆವು. ತಣಿಗೆಗಳು ಬಹಳ ಹೊತ್ತು ಹಾಗೇ ಇದ್ದವು.

ಚರಂಡಿ ಚೆನ್ನಾಗಿ ಬಂತು. ಕೈಯಲ್ಲಿ ಬೊಬ್ಬೆ.

ಆಗಸ್ಟ್ ೨, ಗುರುವಾರ

ಕೂಟ ಮುಗಿಸಿ ಹೊರಟಾಗ ಕ್ಯಾರಿಯರಿಗೆ ಸೌತೆಕಾಯಿ ಕಟ್ಟಿತ್ತು. ಬಿಚ್ಚಿ ಮುನಿರಾಜುವಿಗೆ ಕೊಟ್ಟೆ, ನಿಯಮ ವಿವರಿಸಿದೆ. ಅವನು ಸೌತೆಕಾಯಿಯನ್ನು ನೋಡುತ್ತಾ ನಿಂತ.

ಆಗಸ್ಟ್ ೭, ಮಂಗಳವಾರ

ಸೈಕಲ್ ಪಂಕ್ಚರ್ ಆಗಿತ್ತು. ನಾನು ಪತ್ರಿಕೆ ಓದಿ ಹೇಳುತ್ತಿರುವಾಗ ಯಾರೋ ಅದನ್ನು ತೆಗೆದುಕೊಂಡು ಹೋಗಿ ಸರಿಮಾಡಿಸಿ, ಕಡ್ಡಿಕಡ್ಡಿ ಒರೆಸಿ ನಿಲ್ಲಿಸಿದ್ದರು. ಯಾರು ಎಂದು ಕೇಳಿದೆ. ಎಲ್ಲರೂ ಸೈಕಲ್ಲನ್ನೇ ನೋಡಿದರು. ಇನ್ನೊಮ್ಮೆ ಹೀಗೆ ಮಾಡಬಾರದು ಎಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ.

ಈಜಿಪ್ಟಿನ ಕಾಲುವೆಯ ಸುದ್ದಿಯನ್ನು ಎಲ್ಲರೂ ಗಮನವಿಟ್ಟು ಕೇಳಿದರು ಎಂದು ಇನ್ನೊಂದು ದಿನಚರಿಯಲ್ಲಿ ಬರೆದಿದ್ದೇನೆ. ನಿಜವಾಗಿ ಕೇಳಿದವನು ಬೈರಯ್ಯ ಒಬ್ಬ. ಹದಿನೇಳರ ಹುಡುಗ. ಒಳ್ಳೆಯ ಪ್ರಶ್ನೆ ಕೇಳುತ್ತಾನೆ, ಉತ್ತರ ಬರುವ ಮೊದಲು ಇನ್ನೊಂದು ಕೇಳುತ್ತಾನೆ.

ಆಗಸ್ಟ್ ೧೫, ಬುಧವಾರ

ಅರಳಿಕಟ್ಟೆಯ ಬಳಿ ಧ್ವಜಾರೋಹಣ. ಇಬ್ಬರು ಮುದುಕರು, ಮೂರು ಮಕ್ಕಳು ಮತ್ತು ನಾನು. ಯುವಕರು ಯಾರೂ ಇಲ್ಲ. ಮಕ್ಕಳಿಗೆ ಮಿಠಾಯಿ ಹಂಚಿದೆ. ಒಂದು ಮಗು ತೆಗೆದುಕೊಳ್ಳುವ ಮೊದಲು ಮನೆಯೊಳಗೆ ಓಡಿಹೋಗಿ ಕೇಳಿಕೊಂಡು ಬಂತು. ಬೇಡವಂತೆ.

ಆಗಸ್ಟ್ ೨೪, ಶುಕ್ರವಾರ

ಒಂದು ವಾರದಿಂದ ಕೂಟಕ್ಕೆ ಯಾರೂ ಬಂದಿಲ್ಲ. ನನ್ನ ಸೈಕಲ್ ಕಂಡರೆ ಕಟ್ಟೆ ಖಾಲಿಯಾಗುತ್ತದೆ. ಇಂದು ಮುನಿರಾಜು ನನ್ನನ್ನು ಕಂಡು ರಾಗಿ ಹೊಲದೊಳಕ್ಕೆ ಇಳಿದ. ಹೊಲದ ರಾಗಿ ಇನ್ನೂ ಮೊಣಕಾಲೆತ್ತರ. ಅವನು ಕುಳಿತುಕೊಂಡ. ಆದರೂ ಕಾಣುತ್ತಿದ್ದ. ಇಬ್ಬರಿಗೂ ಮುಜುಗರವಾಗಬಾರದೆಂದು ನಾನು ಬೇರೆ ಕಡೆ ತಿರುಗಿ ಬಂದೆ.

ಮಂಡಲಿಯ ಸಭೆಯಲ್ಲಿ ಅಂಬುಜಾ ಅವರ ಕೂಟಕ್ಕೆ ಜಾಗ ಸಾಲದಾಗಿದೆ ಎಂದು ವರದಿ ಓದಿದರು. ಹೊರಗೆ ಬಂದ ಮೇಲೆ ಅವರ ಜಡೆಯಲ್ಲಿ ಕನಕಾಂಬರದ ದೊಡ್ಡ ದಂಡೆ ಇರುವುದನ್ನು ನೋಡಿದೆ.

"ಇದು ಕುರುಬರಹಳ್ಳಿಯದಾ?" ಎಂದೆ.

"ಹೂಂ. ಹುಡುಗೀರು ಕಟ್ಟಿ ಮುಡಿಸ್ತಾರೆ. ನಿಯಮಕ್ಕೆ ಹೂವು ವಸ್ತು ಅಲ್ಲ ಅಂತ ನಾನೇ ತೀರ್ಮಾನ ಮಾಡ್ಕೊಂಡಿದೀನಿ."

"ಸೌತೇಕಾಯಿ?"

"ಅದು ತಿಂದ್ಮೇಲೆ ವಸ್ತು ಅಲ್ಲ," ಎಂದು ಹೇಳಿ ಬಸ್ಸಿಗೆ ಹೋದರು.

ಸೆಪ್ಟೆಂಬರ್ ೧೧, ಮಂಗಳವಾರ

ಇಂದು ನೇರವಾಗಿ ಮುನಿರಾಜುವಿನ ಮನೆಗೇ ಹೋದೆ. ಹನುಮಕ್ಕ ಜಗಲಿಯ ಮೇಲೆ ಅವರೆ ಬೀಜ ಕೇರುತ್ತಿದ್ದರು. ಮಗ ಇದ್ದಾನೆಯೇ ಎಂದರೆ ಇಲ್ಲ ಎಂದರು. ಬಾಗಿಲ ಹಿಂದೆ ಅವನ ಕಾಲು ಕಾಣುತ್ತಿತ್ತು.

"ಹುಡುಗರು ಯಾಕೆ ಬರ್ತಿಲ್ಲ ತಾಯಿ? ನನ್ನಿಂದ ಏನಾದರೂ ತಪ್ಪಾಯ್ತಾ?"

ಮೊರ ಕೆಳಗಿಟ್ಟರು. "ನೋಡಪ್ಪ ಮೇಷ್ಟ್ರೇ. ಅವತ್ತು ಏಳಾಳು ಬಂದು ನಮ್ಮ ಕೇರೀಲಿ ಬಗ್ಗಿ ಅಗೆದು ಹೋದ್ರಿ. ನಮ್ಮ ಹುಡುಗ್ರು ಕೈಗೂಡಿಸ್ತೀವಿ ಅಂದ್ರೆ ಬ್ಯಾಡ ಅಂದ್ರಿ. ಮುದ್ದೆ ಇಕ್ಕಿದ್ರೆ ಉಣ್ಲಿಲ್ಲ. ಒಂದ್ ಕಾಯಿ ಕಟ್ಟಿದ್ರೆ ಬಿಚ್ಚಿ ಕೈಗಿಟ್ರಿ. ಸೈಕಲ್ ಒರ್ಸಿದ್ರೆ ಬೈದ್ರಿ. ಏಳಾಳಿನ ಮುಯ್ಯಿ ಹೊತ್ಕಂಡು ನಮ್ಮ ಹುಡುಗ್ರು ಯಾವ ಮುಖ ಇಟ್ಕಂಡು ನಿಮ್ಮ ತಾವ ಚಂಡಾಡಾಕೆ ಬತ್ತವೆ?"

ಮುಯ್ಯಿ ಎಂದರೆ ನನಗೆ ಮದುವೆಯಲ್ಲಿ ಓದಿಸುವುದು ಮಾತ್ರ ಗೊತ್ತಿತ್ತು. ಇಲ್ಲಿ ಹಾಗಲ್ಲ. ನಿಮ್ಮ ಹೊಲಕ್ಕೆ ನಾನು ಒಂದು ದಿನ ಬಂದರೆ ನನ್ನ ಹೊಲಕ್ಕೆ ನೀವು ಒಂದು ದಿನ ಬರಬೇಕು. ಕೂಲಿ ಇಲ್ಲ. ಊಟ ಉಂಟು. ಅಂದು ಹನುಮಕ್ಕ ನಮ್ಮ ಹೆಸರು, ಮನೆ ಕೇಳಿದ್ದು ಯಾರ ಮನೆಗೆ ಎಷ್ಟು ಆಳು ವಾಪಸು ಕಳಿಸಬೇಕು ಎಂದು ತಿಳಿಯಲು.

ಅದು ಮುಯ್ಯಿ ಅಲ್ಲ, ಶ್ರಮದಾನ ಎಂದೆ.

"ದಾನ ಈಸ್ಕಣಾಕೆ ನಮ್ಗೇನಾಗೈತೆ? ಕೈ ಬಿದ್ದೋಗವಾ? ಗ್ರಹಣ ಹಿಡಿದೋರು ಎಳ್ಳು ದಾನ ಕೊಟ್ಟಂಗೆ ನಿಮ್ಮ ದರಿದ್ರನ ನಮ್ಮ ಕೇರೀಲಿ ಬುಟ್ಟೋದ್ರಾ?"

ಬಾಗಿಲ ಹಿಂದಿನ ಕಾಲು ಕದಲಿತು. "ಅವ್ವಾ, ಸುಮ್ಕಿರು."

"ನೀನು ಸುಮ್ಕಿರ್ಲಾ, ಮನೇಲಿಲ್ಲ ನೀನು." ಮತ್ತೆ ನನ್ನ ಕಡೆ ತಿರುಗಿ, "ನಿಮ್ಮನೇಲಿ ಏನ್ ಕೆಲ್ಸ ಐತೆ ಹೇಳು. ಏಳಾಳು ಬತ್ತಾರೆ. ತೀರೋಯ್ತದೆ. ಆಮೇಕೆ ಚಂಡಾಡಿಸ್ಕೋ, ಪೇಪರ್ ಓದಿಸ್ಕೋ."

ನಮ್ಮ ಮನೆಯಲ್ಲಿ ಹೊಲವಿಲ್ಲ, ಕೆಲಸವೇನೂ ಇಲ್ಲ ಎಂದೆ.

"ಮನೆ ಅಂದ್ಮೇಲೆ ಕೆಲ್ಸ ಇರಾಕಿಲ್ವಾ?"

ಆಲೋಚಿಸಿ ಹೇಳುತ್ತೇನೆ ಎಂದು ಬಂದೆ.

ಸೆಪ್ಟೆಂಬರ್ ೧೩, ಗುರುವಾರ

ಅಧ್ಯಕ್ಷರನ್ನು ಕಂಡೆ. ಹಳ್ಳಿಯವರು ನಮ್ಮ ಶ್ರಮಕ್ಕೆ ಬದಲಾಗಿ ಶ್ರಮ ಕೊಡಬಯಸಿದರೆ ಏನು ಮಾಡಬೇಕು ಎಂದು, ಯಾರಿಗೋ ಸಂಬಂಧಿಸಿದ ವಿಷಯದಂತೆ ಕೇಳಿದೆ.

"ಬೇಡ ಅನ್ಬೇಕು," ಎಂದರು. "ಇವತ್ತು ಈಸ್ಕೊಂಡ್ರೆ ನಾಳೆ ಮಂಡಲಿಯೋರು ಹಳ್ಳಿಯೋರ ಕೈಲಿ ಬಿಟ್ಟಿ ಗೇಯಿಸ್ಕೊಂಡ್ರು ಅಂತಾರೆ. ನಾನು ಅಮಲ್ದಾರನಾಗಿದ್ದಾಗ ನೋಡಿದೀನಿ ಕಣಯ್ಯಾ, ಬಿಟ್ಟಿ ಹೆಂಗೆ ಶುರುವಾಗುತ್ತೆ ಅಂತ. ಎಲ್ಲಾ ಪ್ರೀತಿಯಿಂದಲೇ ಶುರುವಾಗೋದು. ಅಂಥವನನ್ನ ನಾನು ಇಟ್ಕೊಳ್ಳಲ್ಲ."

ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಅದೇ ತೊಂದರೆ.

ಸಂಜೆ ಹೆಗ್ಗನಹಳ್ಳಿಗೆ ಹೋಗಿ, ಆಗುವುದಿಲ್ಲ ಎಂದು ಹನುಮಕ್ಕನಿಗೆ ತಿಳಿಸಬೇಕೆಂದುಕೊಂಡಿದ್ದೆ. ಆಕೆ ಬಾಗಿಲಲ್ಲೇ ನಿಂತಿದ್ದರು. ಭಾನುವಾರ ಬನ್ನಿ, ಹಿತ್ತಲಲ್ಲಿ ಗುಂಡಿ ಮುಚ್ಚುವುದಿದೆ ಎಂದೆ. ಯಾಕೆ ಹಾಗೆ ಹೇಳಿದೆನೋ ಗೊತ್ತಿಲ್ಲ.

ಸೆಪ್ಟೆಂಬರ್ ೧೬, ಭಾನುವಾರ

ಬೆಳಕು ಹರಿಯುವ ಮೊದಲೇ ಬಂದರು. ಗುದ್ದಲಿ, ಪಿಕಾಸಿ, ಮಂಕರಿ ಹೊತ್ತು ಏಳು ಜನ. ಜೊತೆಗೆ ಹನುಮಕ್ಕ. ಬೀದಿಯ ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು. ರಾಜಾಜಿನಗರದಲ್ಲಿ ಇಷ್ಟು ಗುದ್ದಲಿ ಒಟ್ಟಿಗೆ ಬಂದರೆ ಯಾರದೋ ಮನೆ ಕೆಡವಲು ಸರ್ಕಾರ ಬಂದಿದೆ ಎಂದು ಅರ್ಥ.

ಅತ್ತಿಗೆಗೆ ನಿನ್ನೆಯೇ ಹೇಳಿದ್ದೆ, ಮೂರು ನಾಲ್ಕು ಜನ ಎಂದು. ಅವರು ನನ್ನನ್ನು ಅಡುಗೆಮನೆಗೆ ಕರೆದು, "ಇವರಿಗೆ ಮುದ್ದೆ ಕೂಡಿಸೋಕೆ ಪಾತ್ರೆ ಎಲ್ಲಿದೆ? ನಿನ್ನ ತಲೇಲಿ ಕೂಡಿಸ್ಲಾ?" ಎಂದು ಮೆಲ್ಲಗೆ ಕೇಳಿದರು. ಪಕ್ಕದ ಮನೆಯಿಂದ ನೀರು ಕಾಯಿಸುವ ಹಂಡೆ ತಂದೆ.

ಹನುಮಕ್ಕ ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತು ನೋಡಿ, "ಗಂಟಾಯ್ತು ಕಣವ್ವ," ಎಂದರು.

"ಆಗಲ್ಲ. ನಾನು ಚನ್ನಪಟ್ಟಣದೋಳು," ಎಂದರು ಅತ್ತಿಗೆ.

"ಎಲ್ಲೋಳಾದ್ರೇನು, ಗಂಟು ಗಂಟೇಯ."

ಆಮೇಲೆ ಇಬ್ಬರೂ ಒಂದೇ ಕೋಲು ಹಿಡಿದು ತಿರುಗಿಸುತ್ತಿರುವುದನ್ನು ಕಂಡೆ.

ಬಂಡೆಚೂರು ಗುಂಡಿಗೆ, ಅದರ ಮೇಲೆ ಮಣ್ಣು. ಅಣ್ಣ ಬನಿಯನ್ನಿನಲ್ಲಿ ಕುರ್ಚಿ ಹಾಕಿಕೊಂಡು ಪತ್ರಿಕೆ ಓದುತ್ತಿದ್ದ. ಬೈರಯ್ಯ ಒಂದು ಕಲ್ಲಿನ ಜೊತೆ ಒದ್ದಾಡುವುದನ್ನು ಸ್ವಲ್ಪ ಹೊತ್ತು ನೋಡಿ, "ಹಂಗಲ್ಲ ಕಣೋ," ಎಂದು ಎದ್ದ. ಮತ್ತೆ ಕುಳಿತುಕೊಳ್ಳಲಿಲ್ಲ.

ಅಷ್ಟರಲ್ಲಿ ಸೋಮಲಿಂಗಪ್ಪನವರು ದೇವಸ್ಥಾನದಿಂದ ಹಿಂದಿರುಗುತ್ತಾ ಹಿತ್ತಲ ಬೇಲಿಯ ಹತ್ತಿರ ನಿಂತರು. ಕೈಯಲ್ಲಿ ಪ್ರಸಾದದ ದೊನ್ನೆ. ಹೆಗ್ಗನಹಳ್ಳಿಯ ಚರಂಡಿ ಗೊತ್ತು ಮಾಡಲು ಹೋಗಿದ್ದವರು ಅವರೇ. ಆದರೆ ಮುಖಗಳ ನೆನಪಿರಲಿಲ್ಲ.

"ಯಾರಯ್ಯಾ ಇವರು?"

ಅಣ್ಣ ನನ್ನ ಕಿವಿಯ ಹತ್ತಿರ, "ಕೂಲಿಯೋರು ಅನ್ನು," ಎಂದ. ಅಣ್ಣನಿಗೆ ನಿಯಮ ಗೊತ್ತಿತ್ತು. ಸುಳ್ಳು ಸುಲಭವಾಗಿತ್ತು, ನೋಡಲೂ ಅವರು ಹಾಗೇ ಇದ್ದರು. ಮುನಿರಾಜು ಮಂಕರಿ ಹೊತ್ತುಕೊಂಡು ನನ್ನ ಪಕ್ಕದಲ್ಲೇ ನಿಂತಿದ್ದ. ಅವನೂ ಉತ್ತರಕ್ಕೆ ಕಾಯುತ್ತಿದ್ದ.

"ಹೆಗ್ಗನಹಳ್ಳಿಯೋರು ಸಾರ್. ಮುಯ್ಯಿಗೆ ಬಂದಿದಾರೆ," ಎಂದೆ.

ಅಧ್ಯಕ್ಷರು ದೊನ್ನೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು.

"ಬನ್ನಿ ಸೋಮಿ, ಮುದ್ದೆ ಆಗೈತೆ," ಎಂದು ಮುನಿರಾಜು ಕರೆದ.

ಅವರು ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹಿತ್ತಲು ಸಮವಾಯಿತು. ಮುದ್ದೆಯಲ್ಲಿ ಗಂಟಿರಲಿಲ್ಲ. ಅಣ್ಣನಿಗೆ ಸೊಂಟ ನೋವು.

ಸೆಪ್ಟೆಂಬರ್ ೨೦, ಗುರುವಾರ

ಕೂಟಕ್ಕೆ ಎಲ್ಲರೂ ಬಂದರು. ಹಿಂದೆ ಎಂದೂ ಬರದೇ ಇದ್ದವರೂ ಬಂದರು. ಮುನಿರಾಜು ಹೊಡೆದ ಚೆಂಡು ಹನುಮಕ್ಕನ ಸೂರಿನ ಮೇಲೆ ಬಿದ್ದು ಎರಡು ಹೆಂಚು ಒಡೆಯಿತು. ನಾನೇ ಹತ್ತಿ ಸರಿಮಾಡಿದೆ. ಇಳಿದಾಗ ಮಜ್ಜಿಗೆ ಕೊಟ್ಟರು, ಕುಡಿದೆ. ಇದು ನಿಯಮದಲ್ಲಿ ಎಲ್ಲಿ ಬರುತ್ತದೆ ಎಂದು ಯೋಚಿಸಬೇಕಾಗಿತ್ತು, ಮರೆತೆ.

ಅಕ್ಟೋಬರ್ ೫, ಶುಕ್ರವಾರ

ಕೂಟದ ಇನ್ನೊಬ್ಬ ಹುಡುಗ ಗಂಗಣ್ಣನೂ ಬೈರಯ್ಯನೂ ಹೊಡೆದಾಡಿಕೊಂಡರು. ಕಾರಣ ಸರ್ವಿಸ್ ಯಾರದೆಂಬುದಂತೆ. ನಿಜವಾದ ಕಾರಣ ಗಂಗಣ್ಣನ ಎಮ್ಮೆ ಬೈರಯ್ಯನ ಅವರೆ ಗಿಡ ಮೇಯ್ದದ್ದು. ಇಬ್ಬರನ್ನೂ ಒಂದೇ ಕಡೆ ಆಡಲು ಹಾಕಿದೆ. ಇಬ್ಬರೂ ಮಾತಾಡದೆ ಚೆನ್ನಾಗಿ ಆಡಿದರು.

ಪತ್ರಿಕೆ ಓದುವಾಗ ಬೈರಯ್ಯ ಕೇಳಿದ: "ಆ ಈಜಿಪ್ಟಿನ ಕಾಲುವೆ ತೋಡಿದೋರು ಯಾರು ಸಾರ್?"

ಆ ದೇಶದ ಬಡ ರೈತರೇ ತೋಡಿದ್ದು, ಯಜಮಾನಿಕೆ ಮಾತ್ರ ಬೇರೆ ದೇಶದವರದು ಎಂದೆ.

"ತೋಡಿದೋರ್ಗೆ ಮುಯ್ಯಿ ತೀರ್ಸಿದ್ರಾ?"

"ಇಲ್ಲ ಅಂತ ಕಾಣುತ್ತೆ."

"ಅದ್ಕೇ ಜಗಳ," ಎಂದ. ಎಲ್ಲರೂ ಒಪ್ಪಿದರು. ನಾನೂ ಮುಂದಿನ ಸುದ್ದಿಗೆ ಹೋದೆ.

ಮಂಡಲಿಗೆ ತೋರಿಸುವ ದಿನಚರಿ ಬರೆಯದೆ ಎರಡು ವಾರವಾಯಿತು. ಹೊತ್ತು ಸಿಕ್ಕುತ್ತಿಲ್ಲ.

ಅಕ್ಟೋಬರ್ ೨೧, ಭಾನುವಾರ

ಸಮಿತಿಯವರು ಕೂಟ ನೋಡಲು ಬಂದರು. ಅಧ್ಯಕ್ಷರು ಮತ್ತು ಇನ್ನಿಬ್ಬರು. ಕಟ್ಟೆ ತುಂಬಿತ್ತು. ಗಂಗಣ್ಣ ಪತ್ರಿಕೆಯ ತಲೆಬರಹಗಳನ್ನು ತಾನೇ ಓದಿದ, ತಪ್ಪಿದಲ್ಲಿ ಉಳಿದವರು ಗದರಿದರು.

ಹನುಮಕ್ಕ ಸಮಿತಿಯವರಿಗೆ ಮಜ್ಜಿಗೆ ತಂದರು. ಇಬ್ಬರು ಸದಸ್ಯರು ಅಧ್ಯಕ್ಷರ ಮುಖ ನೋಡಿದರು. ಅಧ್ಯಕ್ಷರು, "ಈಗ ತಾನೇ ಕಾಫಿ ಆಯ್ತಮ್ಮ," ಎಂದರು.

"ಕಾಪಿ ಕುಡಿದ್ರೆ ಮಜ್ಗೆ ಕುಡೀಬಾರ್ದಾ?"

ಲೋಟಗಳನ್ನು ಬೈರಯ್ಯನೇ ಒಂದೊಂದಾಗಿ ಮುಗಿಸಿದ.

ನವೆಂಬರ್ ೬, ಮಂಗಳವಾರ

ಹಬ್ಬ ಮುಗಿಯಿತು. ಅಧ್ಯಕ್ಷರು ಕರೆಸಿದ್ದರು. ಕುಳಿತುಕೋ ಎಂದರು. ಅದರಿಂದಲೇ ತಿಳಿಯಿತು.

"ನಿನ್ನ ಕೂಟ ಎಲ್ಲರದಕ್ಕಿಂತ ಚೆನ್ನಾಗಿದೆ ಕೇಶವ. ಅದನ್ನ ನಾನೇ ಸಮಿತೀಲಿ ಹೇಳ್ದೆ. ಆದ್ರೆ ನಾನು ಕಣ್ಣಾರೆ ನೋಡಿದ್ದನ್ನೂ ಹೇಳ್ಬೇಕಾಯ್ತು."

"ಸರಿ ಸಾರ್."

"ಅವತ್ತು ಕೂಲಿಯೋರು ಅಂದಿದ್ರೆ ನಾನು ಹಂಗೇ ಹೋಗ್ತಿದ್ದೆ ಕಣಯ್ಯಾ. ಯಾಕೆ ಅನ್ಲಿಲ್ಲ?"

"ಅವರು ಕೂಲಿಯೋರಲ್ಲ ಸಾರ್."

ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಳ್ಳಲಿಲ್ಲ. ಹೆಗ್ಗನಹಳ್ಳಿಗೆ ಮುಂದಿನ ವರ್ಷ ಬೇರೆ ಯಾರನ್ನಾದರೂ ನೋಡುತ್ತಾರಂತೆ. ಚೆಂಡು, ಬಲೆ, ಲಾಂದ್ರ ಒಪ್ಪಿಸಿದೆ. ಪ್ರಶಂಸಾಪತ್ರ ಅಂಚೆಯಲ್ಲಿ ಬರುತ್ತದಂತೆ.

ಹೊರಗೆ ಅಂಬುಜಾ ನಿಂತಿದ್ದರು. ಅವರದು ಖಾಯಂ ಆಗಿದೆ. ನನ್ನ ಸುದ್ದಿ ಅವರಿಗೆ ಮೊದಲೇ ಗೊತ್ತಿತ್ತು.

"ಹೂವು ವಸ್ತು ಹೌದೋ ಅಲ್ವೋ ಅಂತ ನಾನು ಯಾರನ್ನೂ ಕೇಳ್ಲಿಲ್ಲ," ಎಂದರು. "ನೀವು ಹೋಗಿ ಕೇಳಿದ್ರಿ."

ಅಭಿನಂದನೆ ಹೇಳಿದೆ. ಅವರು ಸೆರಗಿನಿಂದ ಮೂಗು ಒರೆಸಿಕೊಂಡರು. ನೆಗಡಿ ಇರಬೇಕು.

ನವೆಂಬರ್ ೧೨, ಸೋಮವಾರ

ಸೌದೆ ಡಿಪೋ.

ನವೆಂಬರ್ ೧೩

ಸೌದೆ ಡಿಪೋ.

ನವೆಂಬರ್ ೧೮, ಭಾನುವಾರ

ಹೆಗ್ಗನಹಳ್ಳಿಗೆ ಹೋಗದೆ ಎರಡು ವಾರವಾಗುತ್ತಾ ಬಂತು. ಹೋಗಿ ಏನು ಹೇಳುವುದು? ಅಲ್ಲಿ ನನಗೆ ಈಗ ಕಾರಣವಿಲ್ಲ.

ಮಧ್ಯಾಹ್ನ ಮುನಿರಾಜು ಬಂದ. ಎಲ್ಲ ಹೇಳಿದೆ. ಖಾಯಂ ಆಗಲಿಲ್ಲ, ಮಂಡಲಿಗೂ ನನಗೂ ಸಂಬಂಧವಿಲ್ಲ ಎಂದೆ. ಅವನು ಅತ್ತಿಗೆ ಕೊಟ್ಟ ಕಾಫಿ ಕುಡಿದು ಮುಗಿಸಿದ.

"ಅದು ನಿಮ್ಗೂ ಅವ್ರಿಗೂ ಇರೋ ಮಾತು ಸಾರ್. ಊರಾಗೆ ರಾಗಿ ಕುಯ್ಲಿ​ಗೆ ಬಂದೈತೆ. ನಿಮ್ಮ ಕಡೆಯಿಂದ ಆರಾಳು ಬರ್ಬೇಕು. ಅವ್ವ ಹೇಳ್ಕಳಿಸ್ತು."

"ಯಾವ ಆರಾಳು?"

"ಚರಂಡಿಗೆ ನಿಮ್ಮನೆಯಿಂದ ಬಂದೋರು ನೀವೊಬ್ರೇ. ಉಳಿದ ಆರು ಜನದ್ದು ಬ್ಯಾರೆ ಮನೆ. ಅವ್ರ ಮನೆ ಎಲ್ಲೈತೋ ನಮ್ಗೆ ತಿಳೀಲಿಲ್ಲ, ಏಳೂ ಜನ ನಿಮ್ಮನೆಗೇ ಬಂದ್ವು. ಒಂದು ತೀರ್ತು. ಆರು ನಿಮ್ಮೇಲೆ ಬಿತ್ತು."

ಇದು ಅನ್ಯಾಯ ಎಂದೆ. ಅಣ್ಣನೂ ಅನ್ಯಾಯ ಎಂದ. ಅತ್ತಿಗೆ ಬೆರಳು ಮಡಿಸಿ ನೋಡಿ, "ಅವರು ಹೇಳೋದು ಸರಿಯಾಗೇ ಇದೆ," ಎಂದರು.

ನವೆಂಬರ್ ೨೫, ಭಾನುವಾರ

ಮೂವರೂ ಹೋದೆವು. ಹನುಮಕ್ಕನ ಹೊಲ. ನನಗೆ ಕುಡುಗೋಲು ಹಿಡಿಯಲು ಬರುವುದಿಲ್ಲ ಎನ್ನುವುದು ಮೊದಲ ಸಾಲಿನಲ್ಲೇ ಎಲ್ಲರಿಗೂ ತಿಳಿಯಿತು. ಎಡಗೈ ಬೆರಳು ಕುಯ್ದುಕೊಂಡೆ. ಅಣ್ಣ ಕುಳಿತು ಕುಯ್ದ, ಏಳಲು ಇಬ್ಬರು ಬೇಕಾಯಿತು. ಅತ್ತಿಗೆ ಸೆರಗು ಬಿಗಿದು ಒಂದು ಸಾಲು ಮುಗಿಸಿ ಇನ್ನೊಂದಕ್ಕೆ ಹೋದರು. ಮದುವೆಯಾಗಿ ಎಂಟು ವರ್ಷ, ಅವರು ಹಾಡುವುದನ್ನು ನಾನು ಕೇಳಿರಲಿಲ್ಲ. ಅಣ್ಣನೂ ಕೇಳಿರಲಿಲ್ಲವೆಂದು ಅವನ ಮುಖದಿಂದ ತಿಳಿಯಿತು.

ಊಟದ ಹೊತ್ತಿನಲ್ಲಿ ಬೈರಯ್ಯ ಪಕ್ಕದಲ್ಲಿ ಬಂದು ಕುಳಿತು, ಕಾಲುವೆ ಏನಾಯಿತು ಎಂದ. ಯುದ್ಧವಾಯಿತು ಎಂದೆ. ಅವನಿಗೆ ಬೇಸರವಾಯಿತು. ಇಷ್ಟು ದಿನ ಯಾರೂ ಹೇಳಲಿಲ್ಲವಂತೆ.

ಡಿಸೆಂಬರ್ ೨, ಭಾನುವಾರ

ನಾನು ಮತ್ತು ಅತ್ತಿಗೆ. ಅಣ್ಣ ಬರಲಿಲ್ಲ. ಸೊಂಟ.

ಮುನಿರಾಜುವನ್ನು ಕಾರ್ಖಾನೆಯ ಅಪ್ರೆಂಟಿಸ್ ಪರೀಕ್ಷೆಗೆ ಕೂರಿಸಬಹುದು. ಲೆಕ್ಕ ಚೆನ್ನಾಗಿದೆ, ಭಿನ್ನರಾಶಿ ಕಂಡರೆ ಮಾತ್ರ ನಗುತ್ತಾನೆ. ಗಂಗಣ್ಣ ಸುಂಕದಕಟ್ಟೆಯಲ್ಲಿ ಯಾರದೋ ಜೊತೆ ಸೇರಿ ಸಾರಾಯಿ ಅಂಗಡಿಗೆ ಹೋಗುತ್ತಿದ್ದಾನೆ ಎಂದು ಬೈರಯ್ಯ ಹೇಳಿದ. ಸಂಜೆ ಆಟವಿಲ್ಲ, ಇನ್ನೆಲ್ಲಿಗೆ ಹೋಗುತ್ತಾನೆ ಎಂದ. ನನಗೇನೂ ಸಂಬಂಧವಿಲ್ಲ. ಹಿಂದಿರುಗುವಾಗ ಸುಂಕದಕಟ್ಟೆಯಲ್ಲಿ ಸೈಕಲ್ ನಿಲ್ಲಿಸಿ ಆ ಅಂಗಡಿಯೊಳಗೆ ಇಣುಕಿದೆ. ಅವನಿರಲಿಲ್ಲ. ಅತ್ತಿಗೆ ಕ್ಯಾರಿಯರ್ ಮೇಲೆ ಕುಳಿತೇ, "ಇದು ಬೇರೆ ಶುರುವಾಯ್ತಾ?" ಎಂದರು.

ಡಿಸೆಂಬರ್ ೯, ಭಾನುವಾರ

ಒಬ್ಬನೇ ಹೋದೆ. ಆರನೆಯ ಆಳು. ಕುಯ್ಲು ಮುಗಿದಿತ್ತು, ಕಂತೆ ಹೊತ್ತು ಮೆದೆ ಒಟ್ಟಿದೆವು. ಬೆರಳು ಈ ಸಲ ಕುಯ್ದುಕೊಳ್ಳಲಿಲ್ಲ.

ಹೊರಡುವಾಗ, "ತೀರಿತಲ್ಲ ಹನುಮಕ್ಕ?" ಎಂದು ಕೇಳಿದೆ.

"ತೀರ್ತು ಬುಡು," ಎಂದರು. ಆಮೇಲೆ ಮೆದೆಯ ಕಡೆ ನೋಡಿದರು, ನನ್ನ ಕಡೆ ನೋಡಲಿಲ್ಲ.

ಹುಡುಗರು ಸುಂಕದಕಟ್ಟೆಯವರೆಗೆ ಜೊತೆಯಲ್ಲಿ ನಡೆದು ಬಂದರು. ಈಗ ಯಾರ ಮೇಲೂ ಯಾರ ಮುಯ್ಯಿಯೂ ಇಲ್ಲ. ಹಗುರವಾಗಬೇಕಾಗಿತ್ತು. ರಾಗಿಯ ಸುಂಕು ಮೈಯೆಲ್ಲ ಕಡಿಯುತ್ತಿದೆ, ಅದಕ್ಕಿರಬೇಕು.

ಡಿಸೆಂಬರ್ ೧೭, ಸೋಮವಾರ

ಬೆಳಿಗ್ಗೆ ಡಿಪೋಗೆ ಎರಡು ಗಾಡಿ ಸೌದೆ ಬಂತು. ಇಳಿಸುವ ಆಳು ಬಂದಿರಲಿಲ್ಲ. ಮಾವ ಬೈಯುತ್ತಾ ಒಳಗೆ ಹೋದ. ಅವನು ಹೊರಗೆ ಬರುವಷ್ಟರಲ್ಲಿ ಮುನಿರಾಜು, ಗಂಗಣ್ಣ, ಬೈರಯ್ಯ ಮೂವರೂ ಪಂಚೆ ಎತ್ತಿ ಕಟ್ಟಿ ಒಂದು ಗಾಡಿ ಖಾಲಿ ಮಾಡಿದ್ದರು. ಪೇಟೆಗೆ ಅವರೆಕಾಯಿ ಹಾಕಿ ವಾಪಸು ಬರುತ್ತಿದ್ದರಂತೆ.

ನನಗೆ ಸಿಟ್ಟು ಬಂತು. "ಯಾರು ಕರೆದ್ರೋ ನಿಮ್ಮನ್ನ? ತೀರಿತು ಅಂತ ನಿಮ್ಮವ್ವನೇ ಹೇಳಿದ್ದಲ್ವಾ?"

"ಅವ್ವನೇ ಕಳಿಸಿದ್ದು," ಎಂದ ಮುನಿರಾಜು. ಕೈ ನಿಲ್ಲಿಸಲಿಲ್ಲ. "ತೀರ್ಸ್ಕಂಡು ಸುಮ್ನಾಗೋಕೆ ಅವ್ರೇನು ಶತ್ರುಗಳಾ ಅಂತು."

ಎರಡನೆಯ ಗಾಡಿಯೂ ಇಳಿಯಿತು. ನಾನೂ ಇಳಿಸಿದೆ. ಎದುರಿನ ಹೋಟೆಲಿನಲ್ಲಿ ಮೂವರಿಗೂ ಉಪ್ಪಿಟ್ಟು ಕೊಡಿಸಿದೆ. ಊಟ ಹಾಕದೆ ಕಳಿಸುವ ಹಾಗಿಲ್ಲ.

"ಈಗ ಮೂರಾಳು ನಿಮ್ಮೇಲೈತೆ," ಎಂದ ಗಂಗಣ್ಣ, ಬಾಯಲ್ಲಿ ಉಪ್ಪಿಟ್ಟು ಇಟ್ಟುಕೊಂಡೇ.

ಹಗಲೆಲ್ಲ ಡಿಪೋ, ಭಾನುವಾರವೂ ಮಾವ ಬಿಡುವುದಿಲ್ಲ ಎನ್ನುತ್ತಾನೆ, ಹೊಲಕ್ಕೆ ಬರಲು ನನಗೆ ಆಗುವುದಿಲ್ಲ ಎಂದೆ.

"ಹೊಲದಾಗೆ ಈಗೇನೈತೆ, ಕುಯ್ಲಾಯ್ತು," ಎಂದ ಮುನಿರಾಜು. "ಸಂಜೆ ಬನ್ನಿ ಸಾರ್. ಹುಡುಗ್ರು ಸುಮ್ಕೆ ಕುಂತವೆ. ಸಂಜೆ ಬಂದು ಹುಡುಗ್ರನ್ನ ನೋಡ್ಕಂಡ್ರೂ ಒಂದಾಳೇ ಅಂತ ಅವ್ವ ಹೇಳೈತೆ."

"ಯಾವಾಗ ಹೇಳಿದ್ರು?"

"ನಿನ್ನೆ. ಕೇರಿಯೋರೆಲ್ಲ ಕುಂತು ಒಪ್ಕಂಡ್ರು."

ಅವರು ಹೋದ ಮೇಲೆ ತಕ್ಕಡಿಯ ಮುಂದೆ ಸ್ವಲ್ಪ ಹೊತ್ತು ನಿಂತಿದ್ದೆ. ಗಿರಾಕಿ ಬಂದು ಎರಡು ಸಲ ಕರೆದರಂತೆ.

ಸಂಜೆ ಮಾವನ ಹತ್ತಿರ ಹೋಗಿ, ಬುಧವಾರದಿಂದ ಹೊತ್ತು ಮುಳುಗುವ ಮೊದಲೇ ಹೊರಡಬೇಕು ಎಂದೆ. ಯಾಕೆ ಎಂದ. ಹೆಗ್ಗನಹಳ್ಳಿಯಲ್ಲಿ ಕೆಲಸ ಇದೆ ಎಂದೆ.